ಆಟದ ವಿಮಾನವೂ ಮನೆಯ ಬಾಗಿಲೂ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಮನೆಗಳಲ್ಲಿ ಮಾದರಿ ವಿಮಾನ ಕಟ್ಟಿ ಹಾರಿಸುವ ಮಕ್ಕಳಿದ್ದಾರೆ. ಎನ್.ಸಿ.ಸಿ. ವಾಯುವಿಭಾಗದಲ್ಲಿಯೂ ಈ ವಿದ್ಯೆಯನ್ನು ಕಲಿಸುತ್ತಾರೆ. ಮೆಚ್ಚತಕ್ಕ ಹವ್ಯಾಸವಿದು. ಆದರೆ ಆ ವಿಮಾನದ ಹೊಟ್ಟೆಯಲ್ಲಿರುವ ಲಿಥಿಯಂ ಪಾಲಿಮರ್ ಬ್ಯಾಟರಿಯ ಮೇಲೆ ಹಿರಿಯರ ಕಣ್ಣಿರಬೇಕು.

ಇದರ ಒಂದೊಂದು ಕೋಶವೂ 4.2 ವೋಲ್ಟಿಗೆ ಭರ್ತಿಯಾಗುತ್ತದೆ. ಅದನ್ನು ಮೀರಿ ತುಂಬಿದರೆ, ಇಲ್ಲವೆ ಪೆಟ್ಟು ಬಿದ್ದು ಒಳಪದರ ಹರಿದರೆ, ಕೋಶವು ತಾನಾಗಿ ಕಾಯುತ್ತ ಹೋಗಿ ಹೊತ್ತಿಕೊಳ್ಳಬಹುದು. ಒಳಗಿನ ದ್ರವವೇ ಉರಿಯುವಂಥದು. ಆದ್ದರಿಂದ ಎಲ್ಲ ಕೋಶಗಳನ್ನೂ ಸಮನಾಗಿ ತುಂಬುವ ಲಿಥಿಯಂ ಚಾರ್ಜರನ್ನೇ ಬಳಸಬೇಕು. 2200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ಸಾಮಾನ್ಯವಾಗಿ 2.2 ಆಂಪಿಯರ್ ಸಾಕು. ಹಾರಿಸಿ ತಂದ ಬ್ಯಾಟರಿ ಆರುವ ತನಕ ಚಾರ್ಜಿಗೆ ಹಾಕಬಾರದು. ಉಬ್ಬಿದ್ದನ್ನು ಮತ್ತೆ ಬಳಸಲೂ ಕೂಡದು, ಕಸದ ಬುಟ್ಟಿಗೆ ಎಸೆಯಲೂ ಕೂಡದು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ವಾರಗಟ್ಟಲೆ ಇಡುವುದಾದರೆ ಕೋಶವೊಂದಕ್ಕೆ 3.8 ವೋಲ್ಟಿನಷ್ಟಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಜಾಗ. ನಮ್ಮ ಫ್ಲ್ಯಾಟುಗಳಿಗೆ ಬಹುಮಟ್ಟಿಗೆ ಬಾಗಿಲು ಒಂದೇ. ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್ಲು. ಬಾಗಿಲ ಬಳಿಯ ಚಪ್ಪಲಿಗೂಡಿನ ಮೇಲೆ ಚಾರ್ಜಿಗಿಟ್ಟು ಮಲಗಿದರೆ, ಬೆಂಕಿ ಎದ್ದಾಗ ಹೊರಗೆ ಹೋಗುವ ದಾರಿಯೇ ಮುಚ್ಚಿಹೋದೀತು. ನಾವೂ ಹಾಗೆ ಇಟ್ಟು ಮಲಗುತ್ತಿದ್ದವರೇ, ಈಗ ಬಿಟ್ಟಿದ್ದೇವೆ. ಹಾಸಿಗೆ, ಪರದೆ, ಗ್ಯಾಸ್ ಸಿಲಿಂಡರುಗಳಿಂದ ದೂರವಾಗಿ, ಬರಿಯ ಟೈಲ್ಸಿನ ನೆಲದ ಮೇಲೆ, ಎಚ್ಚರವಾಗಿರುವವರ ಕಣ್ಣೆದುರಿಗೇ ಚಾರ್ಜು ಮಾಡತಕ್ಕದ್ದು. ಬ್ಯಾಟರಿಯಿಂದ ಹೊಗೆ ಎದ್ದರೆ ವಿಮಾನದ ಆಸೆ ಬಿಟ್ಟು, ಎಲ್ಲರನ್ನೂ ಹೊರಗೆ ಕರೆತಂದು, 101ಕ್ಕೆ ಫೋನು ಮಾಡಬೇಕು.

ವಿಮಾನ ಹೋದರೆ ಮತ್ತೊಂದನ್ನು ಕಟ್ಟಿಕೊಳ್ಳಬಹುದು. ಮಕ್ಕಳ ಹವ್ಯಾಸ ಬೆಳೆಯಲಿ. ಅದರೊಂದಿಗೆ ಮನೆಯ ಎಚ್ಚರವೂ ಬೆಳೆಯಲಿ.