ಉಂಗುರದ ಮೇಲೆ ಕಡಲಿನ ಭಾರ

ಸಮುದ್ರದೊಳಗೆ ಚಿತ್ರೀಕರಣಕ್ಕೆ ಇಳಿಯುವ ಡಿಜಿಟಲ್ ಸಿನಿಮಾ ಕ್ಯಾಮೆರಾಕ್ಕೆ ತೊಡಿಸುವ ಗಟ್ಟಿ ಕವಚವನ್ನು ಆ ಕಸುಬಿನವರು ಹೌಸಿಂಗ್ ಎನ್ನುತ್ತಾರೆ. ನೀರು ಒಳಗೆ ನುಗ್ಗದಂತೆ ತಡೆಯುವುದು ಇದರ ಅರ್ಧ ಕೆಲಸವಾದರೆ, ನೀರಿನ ಭಾರಕ್ಕೆ ತಾನೇ ನುಜ್ಜುಗುಜ್ಜಾಗದೆ ನಿಲ್ಲುವುದು ಉಳಿದರ್ಧ. ಹತ್ತು ಮೀಟರ್ ಕೆಳಗಿಳಿದಂತೆಲ್ಲ ಒತ್ತಡ ಒಂದೊಂದು ವಾಯುಭಾರದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸರಿಸುಮಾರು ಒಂದು ಕಿಲೋದಷ್ಟು ಏರುತ್ತದೆ. ಹೀಗಾಗಿ 6000 ಮೀಟರ್ ಆಳದಲ್ಲಿ ಉಗುರಿನಷ್ಟು ಜಾಗದ ಮೇಲೆ 600 ಕಿಲೋ ಕೂತಂತಾಗುತ್ತದೆ. ಕ್ಯಾಮೆರಾದ ಮುಂದಿರುವ ಗಾಜಿನ ಕಿಟಕಿ 15 ಸೆಂಟಿಮೀಟರ್ ಅಗಲದ್ದಾದರೆ ಅದೊಂದರ ಮೇಲೆಯೇ ನೂರು ಟನ್ನಿಗೂ ಮಿಕ್ಕಿದ ಭಾರ ಬೀಳುತ್ತದೆ.

ಕಡಲನ್ನೇ ಕಾಣದ ತುಮಕೂರು ಸೀಮೆಯವರಿಗೆ ಈ ವಿಷಯ ದೂರದ್ದೆಂದು ತೋರಬಹುದಾದರೂ, ಅದರ ಮೂಲತತ್ತ್ವ ಇಲ್ಲಿನ ತೋಟಗಳಲ್ಲಿ ದಿನವೂ ಕೆಲಸ ಮಾಡುತ್ತಿದೆ. ಕ್ಯಾತ್ಸಂದ್ರದ ಸುತ್ತಲೂ, ಗುಬ್ಬಿ ಮತ್ತು ಕುಣಿಗಲ್ ಕಡೆಯ ತೆಂಗು ಅಡಿಕೆ ತೋಟಗಳಲ್ಲೂ ಕೊಳವೆಬಾವಿಗೆ ಇಳಿಬಿಡುವ ಸಬ್‌ಮರ್ಸಿಬಲ್ ಮೋಟಾರು ನೀರಿನಡಿಯಲ್ಲಿಯೇ ವರ್ಷಗಟ್ಟಲೆ ತಿರುಗುವ ಯಂತ್ರ. ಇಂಥ ಮೋಟಾರುಗಳಲ್ಲಿ ಬಹುಪಾಲನ್ನು ಬಾವಿಗೆ ಬಿಡುವ ಮುನ್ನ ಮೆಕ್ಯಾನಿಕ್ ಅದರ ಹೊಟ್ಟೆಗೆ ಶುದ್ಧ ನೀರನ್ನು ತಾನೇ ತುಂಬುತ್ತಾನೆ. ಒಳಗಿನ ತಾಮ್ರದ ತಂತಿಗೆ ನೀರು ಸೋಕದ ಹೊದಿಕೆ ಇರುವುದರಿಂದ ಆ ನೀರಿನಿಂದ ಅಪಾಯವಿಲ್ಲ. ಒಳಗೂ ಹೊರಗೂ ಒತ್ತಡ ಸಮವಾಗಿಯೇ ಇರುವುದರಿಂದ ಮೋಟಾರಿನ ಕೊಳವೆ ದಪ್ಪವಾಗಿರಬೇಕಾದ ಅಗತ್ಯವೂ ಇಲ್ಲ. ಆಳಸಮುದ್ರದ ಯಂತ್ರಗಳು ಅನುಸರಿಸುವುದೂ ಇದೇ ಉಪಾಯವನ್ನು, ನೀರಿನ ಬದಲು ಎಣ್ಣೆ ತುಂಬುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಹಾಲಿವುಡ್ ನಿರ್ದೇಶಕ ಜೇಮ್ಸ್ ಕ್ಯಾಮರೂನ್ 2012ರ ಮಾರ್ಚ್ 26ರಂದು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳಕ್ಕೆ, ಸುಮಾರು 10,900 ಮೀಟರ್ ಆಳಕ್ಕೆ, ಒಬ್ಬರೇ ಇಳಿದ ಡೀಪ್‌ಸೀ ಚಾಲೆಂಜರ್ ನೌಕೆಯ ಬ್ಯಾಟರಿಗಳು ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಯೇ ಕೆಲಸ ಮಾಡಿದವು.

ಕ್ಯಾಮೆರಾದ ವಿಷಯದಲ್ಲಿ ಮಾತ್ರ ಈ ಸುಲಭದ ದಾರಿ ಮುಚ್ಚಿದೆ. ಗಾಳಿಯಿಂದ ಗಾಜಿಗೆ ಹಾಯುವಾಗ ಬೆಳಕು ಬಾಗುತ್ತದೆ ಎಂಬ ಲೆಕ್ಕದ ಮೇಲೆಯೇ ಮಸೂರವನ್ನು ಅರೆದಿರುವುದರಿಂದ, ಸುತ್ತ ಎಣ್ಣೆ ತುಂಬಿದ ಕೂಡಲೇ ಆ ಬಾಗು ಬಹುಮಟ್ಟಿಗೆ ಇಲ್ಲವಾಗಿ ಚಿತ್ರ ಮೂಡುವುದೇ ನಿಂತುಹೋಗುತ್ತದೆ. ಆದ್ದರಿಂದ ಕ್ಯಾಮೆರಾಕ್ಕೆ ಗಾಳಿಯೇ ಬೇಕು, ಆ ಗಾಳಿಯನ್ನು ಕಾಯಲು ಒತ್ತಡವನ್ನೆಲ್ಲ ತಾನೇ ಹೊರುವ ಗಟ್ಟಿ ಚಿಪ್ಪು ಬೇಕು. ಹವ್ಯಾಸಿಗಳೂ ಚಲನಚಿತ್ರದವರೂ ಬಳಸುವ ಅಲ್ಯೂಮಿನಿಯಂ ಹೌಸಿಂಗುಗಳು ಸಾಮಾನ್ಯವಾಗಿ ನೂರು ಮೀಟರಿನ ಆಸುಪಾಸಿನ ಆಳಕ್ಕೆ ಸಾಕಾಗುತ್ತವೆ. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಬಳಿ ಹವಳ, ಮೀನುಗಳನ್ನು ಚಿತ್ರೀಕರಿಸುವವರಿಗೆ ಅಷ್ಟೂ ಬೇಕಾಗುವುದಿಲ್ಲ. ಸಾವಿರಾರು ಮೀಟರಿನ ಆಳಕ್ಕಾದರೆ ಉಪ್ಪುನೀರಿಗೆ ಜಗ್ಗದ, ಉಕ್ಕಿಗಿಂತ ಹಗುರವಾದ ಟೈಟಾನಿಯಂ ಬೇಕು; ಆಕಾರವೂ ಪೆಟ್ಟಿಗೆಯಂತಿರದೆ ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚುವ ಕೊಳವೆ ಇಲ್ಲವೇ ಗೋಳವಾಗಿರಬೇಕು.

ಭಾರತದಲ್ಲಿ ಈ ವಿದ್ಯೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮತ್ಸ್ಯ 6000 ತೋರಿಸುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸಮುದ್ರಯಾನ ಯೋಜನೆಯಡಿ ರೂಪಿಸುತ್ತಿರುವ, ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಬೇಕಾದ ಈ ಜಲಾಂತರ ವಾಹನದ ಜೀವಾಳವೆಂದರೆ 2.1 ಮೀಟರ್ ಒಳವ್ಯಾಸದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳ. ಅದರ ಎರಡು ಅರ್ಧಗಳನ್ನು ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆಯುವ ಕೆಲಸಕ್ಕೆ ಕೈಹಾಕಿದ್ದು ತಿರುವನಂತಪುರ ಮತ್ತು ಬೆಂಗಳೂರಿನಲ್ಲಿ ನೆಲೆಯಿರುವ ಇಸ್ರೋದ ದ್ರವ ನೋದನ ವ್ಯವಸ್ಥೆಗಳ ಕೇಂದ್ರ. ಆಕಾಶಕ್ಕೆ ಹಾರುವ ರಾಕೆಟ್ಟಿನ ಟ್ಯಾಂಕು ಬೆಸೆದ ಕೈಗಳೇ ಪಾತಾಳಕ್ಕಿಳಿಯುವ ಗೋಳವನ್ನೂ ಬೆಸೆದವೆಂಬುದು ಅಚ್ಚರಿಯೆನಿಸಿದರೂ ಅಸಹಜವಲ್ಲ; ಒಂದರಲ್ಲಿ ಒತ್ತಡ ಒಳಗಿನಿಂದ, ಇನ್ನೊಂದರಲ್ಲಿ ಹೊರಗಿನಿಂದ, ಬೆಸುಗೆಯಲ್ಲಿ ಬಿರುಕಿರಬಾರದೆಂಬ ನಿಯಮ ಎರಡಕ್ಕೂ ಒಂದೇ.

ಚಿಪ್ಪು ಗಟ್ಟಿಯಿದ್ದರೂ ಕ್ಯಾಮೆರಾ ನೋಡಬೇಕಾದರೆ ಅದರಲ್ಲೊಂದು ಕಿಟಕಿ ಬೇಕೇ ಬೇಕು, ಕಷ್ಟವೂ ಅಲ್ಲಿಯೇ ಹೆಚ್ಚು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಆಗಸ್ಟ್ ಪಿಕಾರ್ ತಮ್ಮ ಟ್ರಿಯೆಸ್ಟ್ ನೌಕೆಗೆ ಹೊರಬದಿ ಅಗಲ, ಒಳಬದಿ ಕಿರಿದಾದ ಶಂಕುವಿನಾಕಾರದ ಅಕ್ರಿಲಿಕ್ ಕಿಟಕಿಯನ್ನು ಕೂರಿಸಿದ್ದರು. ಕಡಲು ಒತ್ತಿದಷ್ಟೂ ಅದು ಬಾಟಲಿಯ ಬಿರಡೆಯಂತೆ ತನ್ನ ಪೀಠದಲ್ಲಿ ಇನ್ನಷ್ಟು ಬಿಗಿಯಾಗುತ್ತಿತ್ತು. ಅವರ ಮಗ ಜಾಕ್ ಪಿಕಾರ್ ಮತ್ತು ಅಮೆರಿಕದ ನೌಕಾಪಡೆಯ ಡಾನ್ ವಾಲ್ಶ್ 1960ರ ಜನವರಿ 23ರಂದು ಅದೇ ನೌಕೆಯಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದರಾದರೂ, ಎದ್ದ ಕೆಸರು ಕಿಟಕಿಯನ್ನು ಕವಿದು ಅಲ್ಲಿಂದ ಒಂದು ಒಳ್ಳೆಯ ಚಿತ್ರವನ್ನೂ ತರಲಾಗಲಿಲ್ಲ. ಕಿಟಕಿ ಚಪ್ಪಟೆಯಾಗಿದ್ದರೆ ನೀರಿನ ವಕ್ರೀಭವನದಿಂದ, ಅಂದರೆ ಬೆಳಕಿನ ಬಾಗುವಿಕೆಯಿಂದ, ವಸ್ತುಗಳು ಸುಮಾರು ಕಾಲುಭಾಗ ಹತ್ತಿರ ಬಂದಂತೆ ಕಂಡು ನೋಟದ ಅಗಲ ಕುಗ್ಗುತ್ತದೆ. ಅರ್ಧಗೋಳದ ಗುಮ್ಮಟವನ್ನು, ಆ ಕಸುಬಿನ ಮಾತಿನಲ್ಲಿ ಡೋಮ್ ಪೋರ್ಟನ್ನು, ಕೂರಿಸಿದರೆ ಕುಗ್ಗಿದ ನೋಟ ಮರಳಿ ಸಿಗುವುದರ ಜೊತೆಗೆ ಒತ್ತಡವೂ ಸಮನಾಗಿ ಹಂಚಿಹೋಗುತ್ತದೆ.

ಇಷ್ಟೆಲ್ಲ ಲೋಹ, ಗಾಜುಗಳ ಭಾರವನ್ನು ಕೊನೆಗೆ ಕಾಯುವುದು ಓ-ರಿಂಗ್ ಎಂಬ ಬೆರಳಗಲವೂ ಇಲ್ಲದ ರಬ್ಬರಿನ ಉಂಗುರ. ಮುಚ್ಚಳ ಕೂರುವ ಅಂಚಿನಲ್ಲಿ ಕೊರೆದ ತೋಡಿನ ಆಳ ಉಂಗುರದ ದಪ್ಪಕ್ಕಿಂತ ತುಸು ಕಡಿಮೆ ಇರುವುದರಿಂದ, ಮುಚ್ಚಳ ಬಿಗಿದಾಗ ಉಂಗುರ ಅಮುಕಿಕೊಂಡು ಸಂದನ್ನು ತುಂಬುತ್ತದೆ. ಆಮೇಲೆ ನೀರಿನ ಒತ್ತಡವೇ ಅದನ್ನು ತೋಡಿನ ಒಳಗೋಡೆಗೆ ತಳ್ಳಿ ಇನ್ನಷ್ಟು ಭದ್ರಪಡಿಸುತ್ತದೆ. ಹೌಸಿಂಗು ಸೋರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ಮೀಟರುಗಳಲ್ಲಿಯೇ ಸೋರುತ್ತದೆ ಎಂಬ ಅನುಭವಸ್ಥರ ಮಾತಿಗೆ ಕಾರಣ ಇದೇ. ಇಳಿಯುವ ಹಿಂದಿನ ರಾತ್ರಿ ತಂತ್ರಜ್ಞ ಉಂಗುರವನ್ನು ಉಗುರು ತಾಗದಂತೆ ಬಿಡಿಸಿ, ಎರಡು ಬೆರಳ ನಡುವೆ ನಿಧಾನವಾಗಿ ಸುತ್ತಿಸುತ್ತ ಬಿರುಕಿದೆಯೇ ಎಂದು ತಡವಿ ನೋಡುತ್ತಾನೆ; ತೋಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸನ್ನು ಉಂಗುರ ಮಿನುಗುವಷ್ಟೇ ಸವರುತ್ತಾನೆ. ಒಂದು ತಲೆಗೂದಲು, ಒಂದು ಮರಳಿನ ಕಣ ಅಡ್ಡ ಕೂತರೆ ಸಾಕು, ಲಕ್ಷಾಂತರ ರೂಪಾಯಿಯ ಕ್ಯಾಮೆರಾ ಉಪ್ಪುನೀರಿನ ಪಾಲಾಗುತ್ತದೆ. ಗ್ರೀಸು ಹೆಚ್ಚಾದಷ್ಟೂ ಭದ್ರವೆಂಬುದು ತಪ್ಪು ತಿಳಿವಳಿಕೆ. ಅದು ಉಂಗುರ ಜಾರಿ ಸರಿಯಾಗಿ ಕೂರಲೆಂದು ಸವರುವ ಜಿಡ್ಡೇ ಹೊರತು ನೀರು ತಡೆಯುವ ಅಂಟಲ್ಲ, ಹೆಚ್ಚಾದರೆ ಧೂಳನ್ನೇ ಹಿಡಿದಿಡುತ್ತದೆ. ಮುಚ್ಚಿದ ಮೇಲೆ ಕೈಪಂಪಿನಿಂದ ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು, ಮಾಪಕದ ಮುಳ್ಳು ಅಲುಗದೆ ನಿಲ್ಲುತ್ತದೆಯೇ ಎಂದು ಕಾದು ನೋಡುವ ಪರೀಕ್ಷೆಯನ್ನು ತಪ್ಪಿಸುವ ತಂತ್ರಜ್ಞನಿಗೆ ಕ್ಯಾಮೆರಾ ಒಪ್ಪಿಸಬಾರದು.

ಇಂಥದೇ ಸಣ್ಣ ಉಂಗುರ ತುಮಕೂರಿಗೆ ಹೊಸದಲ್ಲ. ಎಚ್‌ಎಂಟಿ ಇಲ್ಲಿ ಕೈಗಡಿಯಾರದ ಕಾರ್ಖಾನೆ ನಡೆಸಿದ ದಶಕಗಳಲ್ಲಿ, ನೀರು ತಡೆಯುವ ಗಡಿಯಾರವೆಂದರೆ ಹಿಂಬದಿ ಮುಚ್ಚಳದ ಅಂಚಿಗೂ ಕೀಲಿ ಕೊಡುವ ತಿರುಪಿನ ಕುತ್ತಿಗೆಗೂ ಕೂದಲೆಳೆಯಂಥ ರಬ್ಬರ್ ಬಳೆ ತೊಡಿಸಿದ ಗಡಿಯಾರವೇ ಆಗಿತ್ತು. ಹೌಸಿಂಗಿನ ಗುಂಡಿಗಳಿಗೂ ಇದೇ ಏರ್ಪಾಡಿದೆ: ಹೊರಗಿನಿಂದ ಒತ್ತುವ ಪ್ರತಿಯೊಂದು ಗುಂಡಿಯ ಕಡ್ಡಿಯೂ ಚಿಪ್ಪಿನಲ್ಲೊಂದು ತೂತನ್ನು ಬೇಡುತ್ತದೆ, ಪ್ರತಿ ತೂತಿಗೂ ತನ್ನದೇ ಉಂಗುರ ಬೇಕು. ಆಳ ಹೆಚ್ಚಿದಂತೆ ಗುಂಡಿಗಳನ್ನು ಕೈಬಿಟ್ಟು, ಒಂದೇ ಕೇಬಲ್ಲಿನ ಮೂಲಕ ಎಲ್ಲ ಆಜ್ಞೆಗಳನ್ನೂ ಕಳಿಸುವುದು ತೂತುಗಳನ್ನು ಕಡಿಮೆ ಮಾಡಲೆಂದೇ.

ಕನ್ನಡ ಚಿತ್ರರಂಗ ಈ ಕಷ್ಟವನ್ನು ಫಿಲ್ಮಿನ ಕಾಲದಲ್ಲಿಯೇ ಎದುರಿಸಿತ್ತು. ಶಂಕರ್ ನಾಗ್ ನಿರ್ದೇಶಿಸಿ ಡಾ. ರಾಜಕುಮಾರ್ ಅಭಿನಯಿಸಿದ, 1987ರಲ್ಲಿ ತೆರೆಕಂಡ ‘ಒಂದು ಮುತ್ತಿನ ಕಥೆ’ಯ ನೀರಿನಡಿಯ ದೃಶ್ಯಗಳು ಮಾಲ್ಡೀವ್ಸ್ ಸಮುದ್ರದಲ್ಲಿ ಚಿತ್ರೀಕರಣಗೊಂಡವು. 35 ಮಿಲಿಮೀಟರ್ ಫಿಲ್ಮಿನ 400 ಅಡಿ ಸುರುಳಿ ನಾಲ್ಕೂವರೆ ನಿಮಿಷದೊಳಗೆ ಮುಗಿದುಹೋಗುತ್ತಿದ್ದ ಆ ದಿನಗಳಲ್ಲಿ ಸುರುಳಿ ಬದಲಿಸಲು ಪ್ರತಿಸಲವೂ ಮೇಲೆ ಬಂದು ಹೌಸಿಂಗು ತೆರೆಯಬೇಕಿತ್ತು, ತೆರೆದಾಗಲೆಲ್ಲ ಉಂಗುರವನ್ನು ಹೊಸದಾಗಿ ಅಣಿಗೊಳಿಸಬೇಕಿತ್ತು. ಡಿಜಿಟಲ್ ಕ್ಯಾಮೆರಾ ಈ ಕಸುಬಿಗೆ ಕೊಟ್ಟ ದೊಡ್ಡ ಕೊಡುಗೆ ಚಿತ್ರದ ಸ್ಪಷ್ಟತೆಯಲ್ಲ. ಮೆಮೊರಿ ಕಾರ್ಡು ದೀರ್ಘಕಾಲ ದಾಖಲಿಸುವುದರಿಂದ ಮುಚ್ಚಳವನ್ನು ತೆರೆಯುವ ಸಂದರ್ಭಗಳೇ ಕಡಿಮೆಯಾದುದು ಅದಕ್ಕಿಂತ ದೊಡ್ಡದು.

ಡಿಜಿಟಲ್ ಕ್ಯಾಮೆರಾದ ಜೊತೆಗೆ ಬಂದ ಹೊಸ ತೊಂದರೆ ಬಿಸಿ. ಸಂವೇದಕವೂ ಸಂಸ್ಕಾರಕವೂ ಸೇರಿ ಹತ್ತಾರು ವ್ಯಾಟ್ ಶಾಖ ಉಗುಳುತ್ತವೆ, ಟೈಟಾನಿಯಂ ಅದನ್ನು ಹೊರಗೆ ಸಾಗಿಸುವುದು ಅಲ್ಯೂಮಿನಿಯಂನ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಹೊರಗೆ ಎರಡು ಮೂರು ಡಿಗ್ರಿಯ ನೀರಿದ್ದರೂ ಒಳಗೆ ಕ್ಯಾಮೆರಾ ಕಾದು ನಿಂತುಹೋಗಬಹುದಾದ್ದರಿಂದ, ಅದರ ಮೈಯಿಂದ ಚಿಪ್ಪಿನವರೆಗೆ ತಾಮ್ರದ ಪಟ್ಟಿಯಂಥ ಶಾಖದ ದಾರಿಯನ್ನು ಬೇರೆಯಾಗಿ ಮಾಡಿಕೊಡಬೇಕಾಗುತ್ತದೆ. ಹಡಗಿನ ಮೇಲಿನ ತೇವದ ಗಾಳಿಯೇ ಒಳಗೆ ಉಳಿದರೆ ತಣ್ಣಗಾದ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಅದನ್ನು ತಪ್ಪಿಸಲು ಒಣ ನೈಟ್ರೋಜನ್ ತುಂಬುತ್ತಾರೆ, ಇಲ್ಲವೇ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡುತ್ತಾರೆ.

ಕ್ಯಾಮೆರಾ ಮೇಲೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಉಪ್ಪು ಒಣಗಿ ಹರಳುಗಟ್ಟುವ ಮುನ್ನ ಹೌಸಿಂಗನ್ನು ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ನೀರಿನೊಳಗೇ ಒಂದೊಂದು ಗುಂಡಿಯನ್ನೂ ಹಲವು ಸಲ ಒತ್ತಿ ಸಂದಿನ ಉಪ್ಪನ್ನು ಬಿಡಿಸುತ್ತಾರೆ. ಆಮೇಲೆ ಒರೆಸಿ, ತೆರೆಯುವಾಗ ಮುಚ್ಚಳದ ಅಂಚಿನಲ್ಲಿ ಅಡಗಿದ ಕಡೆಯ ಹನಿ ಒಳಗೆ ಬೀಳದೆ ಹೊರಗೆ ಜಾರಲೆಂದು ಬಾಯಿ ಕೆಳಗಾಗಿ ವಾಲಿಸಿ ಹಿಡಿದು, ಕೈಪಂಪಿನಿಂದ ಗಾಳಿ ಎಳೆದ ತೂತಿನ ತಿರುಪನ್ನು ನಿಧಾನವಾಗಿ ಸಡಿಲಿಸುತ್ತಾರೆ.