ಇಂಪೀರಿಯಲ್ ಹೋಟೆಲ್: ಭೂಕಂಪವನ್ನು ತಾಳಿದ ಸೌಧ

1923ನೆಯ ಸೆಪ್ಟೆಂಬರ್ 1ರಂದು, ಟೋಕಿಯೋ ನಗರದ ಇಂಪೀರಿಯಲ್ ಹೋಟೆಲಿನ ನೂತನ ಸೌಧದಲ್ಲಿ ಪ್ರಾರಂಭೋತ್ಸವದ ಸಿದ್ಧತೆಗಳು ನಡೆದಿರುವಾಗಲೇ, ನಡುಹಗಲು ಹನ್ನೆರಡಕ್ಕೆ ಎರಡು ನಿಮಿಷವಿರುವಂತೆ, ಮಹಾಭೂಕಂಪವು ಸಂಭವಿಸಿತು.

ನಗರದ ಅಸಂಖ್ಯ ಕಟ್ಟಡಗಳು ಉರುಳಿ, ಉರಿದು ಬೂದಿಯಾದುವು. ಆದರೆ ಅಮೆರಿಕೆಯ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ರೂಪಿಸಿ, ಅವರ ಜಪಾನೀ ಸಹಾಯಕ ಅರಾತಾ ಎಂಡೋ ಪೂರ್ಣಗೊಳಿಸಿದ ಈ ಸೌಧವು, ಅಲ್ಲಲ್ಲಿ ಜಖಂಗೊಂಡರೂ, ನಿಂತೇ ಇದ್ದಿತು. ಮುಂಭಾಗದ ಕೊಳದ ನೀರು ಬೆಂಕಿಯನ್ನು ತಡೆಯಲು ಒದಗಿತು.

ಜ್ವಾಲಾಮುಖಿಯ ಬೂದಿಯಿಂದಾದ ಮೃದುವಾದ ಓಯಾ ಶಿಲೆಯಲ್ಲಿ ಕೊರೆದ ಜ್ಯಾಮಿತೀಯ ಚಿತ್ತಾರಗಳು, ಮೈತುಂಬ ಗೀರುಗಳುಳ್ಳ ಹಳದಿ ಇಟ್ಟಿಗೆಗಳು, ಒಳಗಿನಿಂದ ದೀಪ ಬೆಳಗುವ ಜಾಲಂಧ್ರದ ಸ್ತಂಭಗಳು, ಇವೆಲ್ಲವೂ ಅದರ ಅಲಂಕಾರವಾಗಿದ್ದುವು.

ಆದರೆ ಯಾವ ಮೆದುಮಣ್ಣಿನ ಮೇಲೆ ಅದು ನಿಂತಿದ್ದಿತೋ ಆ ಮಣ್ಣಿನಲ್ಲಿಯೇ ಏರುಪೇರಾಗಿ ಇಳಿಯುತ್ತ ಬಂದುದರಿಂದಲೂ, ನಗರಮಧ್ಯದ ಆ ನಿವೇಶನದಲ್ಲಿ ಹೆಚ್ಚು ಕೊಠಡಿಗಳು ಬೇಕಾದುದರಿಂದಲೂ, ದೇಶವಿದೇಶಗಳ ಕಲಾಭಿಮಾನಿಗಳ ವಿರೋಧವನ್ನು ಮೀರಿ, 1968ರ ಹೊತ್ತಿಗೆ ಅದನ್ನು ಕೆಡವಿದರು.

ಪ್ರವೇಶಮಂಟಪದ ಭಾಗಗಳನ್ನು ಮಾತ್ರ ಇನುಯಾಮಾದ ಮೇಜಿ ಮುರಾ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಅಲ್ಲಿ 1985ರಲ್ಲಿ ಮರುನಿರ್ಮಾಣವನ್ನು ಪೂರೈಸಿದರು.

ಪ್ರಕೃತಿಯ ಪ್ರಕೋಪವನ್ನು ತಾಳಿದ ಕಟ್ಟಡವನ್ನೂ ಮನುಷ್ಯನ ಲೆಕ್ಕಾಚಾರವು ಕೆಡವಬಲ್ಲುದಾದುದರಿಂದ, ಉಳಿಸಬೇಕಾದುದನ್ನು ಉಳಿಸುವ ಸಂಕಲ್ಪವು ಹಾರೆ ಗುದ್ದಲಿಗಳು ಬರುವುದಕ್ಕೆ ಮೊದಲೇ ನಾಗರಿಕರಲ್ಲಿ ದೃಢವಾಗಬೇಕು.