ಡಿಗ್ರಿ ಮೊದಲ ವರ್ಷ: ಸೀಟು ಸಿಕ್ಕಿತು, ಕಾಲೂರುವುದು ಹೇಗೆ?

ಮೈಸೂರು: ಪಿಯುಸಿ ಪಾಸಾಗಿ, ಅರ್ಜಿ ಹಾಕಿ, ಫೀಸು ಕಟ್ಟಿದ ಮೇಲೆ ಮನೆಯವರು 'ಉಸ್ಸಪ್ಪಾ' ಎನ್ನುತ್ತಾರೆ. ಮಗ ಕಾಲೇಜು ಸೇರಿದ, ಇನ್ನು ಅವನ ದಾರಿ ಅವನಿಗೆ ಎಂದು ಅಪ್ಪ ಹೊಲದ ಕಡೆ ನಡೆಯುತ್ತಾನೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಎಚ್.ಡಿ.ಕೋಟೆ, ಹುಣಸೂರು, ನಂಜನಗೂಡು, ಟಿ.ನರಸೀಪುರ ಕಡೆಯಿಂದ ಮೈಸೂರಿಗೆ ಓದಲು ಬರುವ ಹುಡುಗ ಹುಡುಗಿಯರಿಗೆ ದೊಡ್ಡ ಗಂಡಾಂತರ ಕೊನೆಯ ವರ್ಷವಲ್ಲ, ಮೊದಲ ಸೆಮಿಸ್ಟರು. ಅದೊಂದು ದಾಟಿದರೆ ದಡ ಕಾಣುತ್ತದೆ.

ಬಸ್ಸೇ ಮೊದಲ ಪಾಠ

ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು. ಹಳ್ಳಿಯಿಂದ ಕೋಟೆಗೆ ಒಂದು ಬಸ್ಸು, ಕೋಟೆಯಿಂದ ಮೈಸೂರಿಗೆ ಇನ್ನೊಂದು, ಇಲ್ಲಿ ಬಂದಿಳಿದ ಮೇಲೆ ಸಿಟಿ ಬಸ್ಸು. ಮೂರರಲ್ಲಿ ಒಂದು ತಪ್ಪಿದರೂ ಮೊದಲ ಪೀರಿಯಡ್ಡು ಹೋಯಿತು. ಒಂದು ಪೀರಿಯಡ್ಡು ಹೋದರೆ ಏನಂತೆ ಅನ್ನಬೇಡಿ. ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಾತಿ ಬೇಕು. ವಾರಕ್ಕೆ ನಾಲ್ಕರಂತೆ ಹದಿನೈದು ವಾರಕ್ಕೆ 60 ತರಗತಿ ಎಂದಿಟ್ಟುಕೊಳ್ಳಿ. ವಾರಕ್ಕೆ ಒಂದೇ ಒಂದು ತಪ್ಪಿಸಿಕೊಂಡರೂ ಉಳಿಯುವುದು 45. ಅಲ್ಲಿಗೆ ಲೆಕ್ಕ ಸರಿಯಾಗಿ 75ಕ್ಕೆ ಬಂದು ನಿಂತಿತು. ಅದರ ಮೇಲೆ ಒಂದು ಜ್ವರ, ಒಂದು ಮದುವೆ, ಒಂದು ವಾರದ ನಾಟಿ ಕೆಲಸ ಬಂದರೆ 'ಶಾರ್ಟೇಜ್' ಪಟ್ಟಿಯಲ್ಲಿ ಹೆಸರು!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಚಿಂತೆ ತಪ್ಪಿತು. ಹುಡುಗರಿಗೆ ರಿಯಾಯಿತಿ ಪಾಸು. ಅದಕ್ಕೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪಾಸು ಕೈಗೆ ಬರುವ ತನಕ ದಿನದ ಟಿಕೆಟಿನ ದುಡ್ಡು ಕೊಡಬೇಕಾದವನು ಅಪ್ಪನೇ.

ವಾರಾನ್ನ ಹೋಯಿತು, ಮೆಸ್ಸು ಬಂತು

ಹಿಂದಿನ ಕಾಲದಲ್ಲಿ ಬಡ ಹುಡುಗರು ವಾರಾನ್ನದಲ್ಲಿ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಈಗ ಆ ಜಾಗದಲ್ಲಿ ಮೆಸ್ಸು, ಮೂರು ನಾಲ್ಕು ಜನ ಸೇರಿ ಹಿಡಿದ ರೂಮು, ಇಲ್ಲವೇ ಸರ್ಕಾರಿ ಹಾಸ್ಟೆಲು. ಹಾಸ್ಟೆಲಿನ ಪಟ್ಟಿ ತರಗತಿ ಶುರುವಾಗಿ ವಾರಗಳಾದ ಮೇಲೆ ಬರುವುದುಂಟು. ಅಲ್ಲಿಯವರೆಗೆ ನೆಂಟರ ಮನೆ, ಗೆಳೆಯರ ರೂಮು. ನೆಂಟರ ಮನೆಯಲ್ಲಿ ಮೂರನೇ ವಾರ ಅನ್ನ ಬಡಿಸುವ ಕೈ ಬೇರೆ ಥರಾ ಇರುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆಂದು ವಿದ್ಯಾಸಿರಿ ಯೋಜನೆ ಉಂಟು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಲೆಕ್ಕದಲ್ಲಿ ಶುರುವಾದದ್ದು. ಆದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ದುಡ್ಡು ಬರುವುದಿಲ್ಲ. ಕಾಲೇಜಿಗೆ ಸೇರುವ ಮೊದಲೇ ಈ ಕೆಲಸ ಮುಗಿಸಿಕೊಂಡವನು ಜಾಣ.

ಹಾಗೆಯೇ ಇನ್ನೊಂದು ಮಾತು. ಪ್ರವೇಶ, ಪರೀಕ್ಷೆ ಫೀಸು, ವಿದ್ಯಾರ್ಥಿವೇತನ ಎಲ್ಲವೂ ಈಗ ಜಾಲತಾಣದಲ್ಲಿ. ಸೈಬರ್ ಸೆಂಟರಿನಲ್ಲಿ ಹುಡುಗ ಕುಳಿತಿರುತ್ತಾನೆ, ಓಟಿಪಿ ಬರುವುದು ಊರಿನಲ್ಲಿರುವ ಅಪ್ಪನ ಫೋನಿಗೆ. ಅಪ್ಪ ಗದ್ದೆಯಲ್ಲಿ, ಫೋನು ಮನೆಯ ಗೂಡಿನಲ್ಲಿ! ಕೊಡುವಾಗಲೇ ಸ್ವಂತ ನಂಬರು ಕೊಟ್ಟರೆ ಅರ್ಧ ದಿನ ಉಳಿಯುತ್ತದೆ.

ಕೇಳುವವರಿಲ್ಲ

ಪಿಯುಸಿಯಲ್ಲಿ ಮೇಷ್ಟ್ರು ನೋಟ್ಸ್ ಹೇಳಿ ಬರೆಸುತ್ತಾರೆ, ನಾಲ್ಕು ದಿನ ಬಾರದಿದ್ದರೆ ಮನೆಗೆ ಫೋನು ಹೋಗುತ್ತದೆ. ಡಿಗ್ರಿಯಲ್ಲಿ ಪಾಠ ಮಾಡಿ ಹೊರಟುಹೋಗುತ್ತಾರೆ. ಬಂದೆಯಾ, ಬಿಟ್ಟೆಯಾ ಕೇಳುವವರು ಕಡಿಮೆ. ಮೊದಲ ತಿಂಗಳು ಇದು ಸ್ವಾತಂತ್ರ್ಯದಂತೆ ಕಾಣುತ್ತದೆ, ಮೂರನೇ ತಿಂಗಳು ಒಂಟಿತನ.

ಅದರ ಮೇಲೆ ಇಂಗ್ಲಿಷ್. ಕನ್ನಡದಲ್ಲಿ ಓದಿ ಬಂದವರು ಬಿ.ಎಸ್ಸಿ., ಬಿ.ಕಾಂ. ತರಗತಿಯಲ್ಲಿ ಬಾಯಿ ಬಿಡದೆ ಕೂರುತ್ತಾರೆ. ಇದು ಇಂದಿನ ಗೋಳಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರು ಕನ್ನಡದಲ್ಲೇ ಕಲಿಸಬೇಕೆಂದು ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ. ಬಿ.ಎ. ಓದುವವರು ಇಂದು ಕನ್ನಡದಲ್ಲಿ ಉತ್ತರ ಬರೆಯಬಹುದು. ಉಳಿದವರು ದಿನಕ್ಕೆ ಹತ್ತು ಹೊಸ ಪದ ಬರೆದಿಟ್ಟುಕೊಂಡು ಅರ್ಥ ಕೇಳಿದರೂ ಸಾಕು. ಕೇಳುವುದಕ್ಕೆ ನಾಚಿಕೆ ಪಟ್ಟರೆ ಕೆಟ್ಟಂತೆ.

ಫೇಲಾದರೆ ಮುಗಿಯಿತೇ?

ಎಷ್ಟೋ ಜನ ಕಾಲೇಜು ಬಿಡುವುದು ಈ ಹೆದರಿಕೆಗೆ. ಪಿಯುಸಿಯಲ್ಲಿ ಒಂದು ವಿಷಯ ಹೋದರೂ ಮುಂದಿನ ಬಾಗಿಲು ಬಂದ್. ಡಿಗ್ರಿಯಲ್ಲಿ ಹಾಗಲ್ಲ. ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯ ಹೋದರೂ ಎರಡನೇ ಸೆಮಿಸ್ಟರಿಗೆ ಹೋಗಿ, ಬಿಟ್ಟುಹೋದದ್ದನ್ನು ಮತ್ತೆ ಬರೆಯಬಹುದು. ಇದು ಗೊತ್ತಿಲ್ಲದೆ, ಮನೆಗೆ ಮುಖ ತೋರಿಸಲಾರದೆ ಬೆಂಗಳೂರಿನ ಬಸ್ಸು ಹತ್ತಿ ಕೆಲಸ ಹುಡುಕುವ ಹುಡುಗರಿದ್ದಾರೆ. ಹುಡುಗಿಯರಾದರೆ 'ಓದು ಸಾಕು' ಎಂದು ಗಂಡು ನೋಡುವ ಮಾತು ಏಳುತ್ತದೆ. ಒಂದು ಕೆಂಪು ಗೆರೆಯಿಂದ ಒಂದು ಬದುಕು ಬೇರೆ ದಾರಿ ಹಿಡಿಯಬೇಕೇ?

ಡಿಗ್ರಿ ಮೂರು ವರ್ಷವೋ ನಾಲ್ಕೋ ಎಂಬ ಗೊಂದಲವೂ ಕೆಲವು ಮನೆಗಳಲ್ಲಿ ಉಳಿದಿದೆ. 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು.

ಸೀನಿಯರುಗಳ ಕಾಟವಿದ್ದರೆ ಸಹಿಸಿಕೊಂಡು ಕೂರಬೇಕಾಗಿಲ್ಲ. ಯುಜಿಸಿ 2009ರಲ್ಲಿ ರ್‍ಯಾಗಿಂಗ್ ವಿರುದ್ಧ ನಿಯಮ ಮಾಡಿದೆ. 1800-180-5522ಕ್ಕೆ ಕರೆ ಮಾಡಿದರೆ ದುಡ್ಡು ಕತ್ತರಿಸುವುದಿಲ್ಲ.

ಊರೂ ಕೈಕೊಡಬೇಕು

ಈ ಮಕ್ಕಳಿಂದ ನಗರದ ವ್ಯಾಪಾರಕ್ಕೂ ಲಾಭವಿದೆ. ಜೆರಾಕ್ಸ್ ಅಂಗಡಿ, ಮೆಸ್ಸು, ರೂಮಿನ ಬಾಡಿಗೆ ಎಲ್ಲವೂ ಅವರಿಂದ ನಡೆಯುತ್ತದೆ. ಅಡ್ವಾನ್ಸ್ ಕೇಳುವಾಗ ಸ್ವಲ್ಪ ಕೈ ಬಿಗಿ ಹಿಡಿದರೆ, ಮೆಸ್ಸಿನ ಬಾಕಿಗೆ ಸ್ಕಾಲರ್‌ಶಿಪ್ ಬರುವ ತನಕ ತಡೆದರೆ ಯಾರೂ ಮುಳುಗುವುದಿಲ್ಲ. ಬೆಳಗಿನ ಬಸ್ಸು ಕೈ ತೋರಿಸಿದಲ್ಲಿ ನಿಂತರೆ ಒಬ್ಬನ ಹಾಜರಾತಿ ಉಳಿಯುತ್ತದೆ.

ಮನೆಯವರಿಗೂ ಒಂದು ಮಾತು. ಫೋನಿನಲ್ಲಿ 'ಮಾರ್ಕ್ಸ್ ಎಷ್ಟು ಬಂತೋ' ಎಂದು ಗದರುವ ಮೊದಲು 'ಊಟ ಆಯ್ತೇನಪ್ಪ, ಇವತ್ತು ಕ್ಲಾಸಿಗೆ ಹೋದ್ಯಾ' ಎಂದು ಕೇಳಿ. ಉತ್ತರ ತಡವಾಗಿ ಬಂದರೆ, ಮುಂದಿನ ಬಸ್ಸಿಗೆ ಹೊರಟು ಬಂದು ಒಮ್ಮೆ ನೋಡಿಕೊಂಡು ಹೋಗಿ.